ನೂರು ಕೋಟಿ ಒಂಬತ್ತರ ಶೇಷ

"ಶಿವಲೀಲಾ ಟೀಚರು ಲೆಕ್ಕದ ಪುಸ್ತಕ ಎಲ್ಲಾ ಒಲಿಗೆ ಹಾಕ್ತೀನಿ ಅಂತ ಕುಂತಾರ್ರಿ. ನೀವು ಬರ್ರಿ," ಎಂದು ವಿಜ್ಞಾನ ಸಂಘದ ಮಂಜಣ್ಣ ಬಾಗಿಲಲ್ಲೇ ಗೋಗರೆದ. ಪಾಲಾಕ್ಷಪ್ಪ ಮಂಡಿ ಹಿಡಿದು ಎದ್ದುದನ್ನು ಕಂಡು ಗೆಳೆಯ ಓಬಣ್ಣನಿಗೆ ಅಯ್ಯೋ ಎನಿಸಿತು. ಪೊಲೀಸು ಕೆಲಸ ಬಿಟ್ಟು ಆರು ವರ್ಷವಾದರೂ ಕೊಟ್ಟೂರಿನ ಜನ ಈ ಮುದುಕನನ್ನು ಬಿಟ್ಟಿರಲಿಲ್ಲ.

ದಾರಿಯಲ್ಲಿ ಮಂಜಣ್ಣ ಇಬ್ಬರಿಗೂ ವಿಷಯ ಹೇಳಿದ. ನೂರು ಕೋಟಿ ಒಂಬತ್ತು ಅವಿಭಾಜ್ಯ ಸಂಖ್ಯೆ, ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದು ಎಂದು ತೋರಿಸಲು ಟೀಚರು ನಾಲ್ಕು ವರ್ಷದಿಂದ ಕೈಯಲ್ಲೇ ಭಾಗಿಸುತ್ತಿದ್ದರು. ಮೂರು ಸಾವಿರದ ನಾನೂರು ಲೆಕ್ಕಗಳಲ್ಲಿ ಹನ್ನೊಂದು ಉಳಿದಿದ್ದವು. ಇಂದು ಬೆಳಿಗ್ಗೆ ಮಂಜಣ್ಣ ಮೊದಲ ಪುಸ್ತಕ ತಿರುವಿದಾಗ, ೧೬೭ರಿಂದ ಭಾಗಿಸಿದಲ್ಲಿ ಶೇಷ ಸೊನ್ನೆ ಇತ್ತು! ಮೊದಲ ವಾರದಲ್ಲೇ ಸೋತಿದ್ದ ಲೆಕ್ಕ.

ಶಿವಲೀಲಾ ಆಪರೇಷನ್ ಆದ ಕಣ್ಣುಗಳಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಅಕ್ಕ ನಾಗರತ್ನ ಗೋಡೆಗೆ ಒರಗಿದ್ದಳು.

"ಪುಸ್ತಕ ಯಾರು ಮುಟ್ತಾರ?" ಎಂದು ಪಾಲಾಕ್ಷಪ್ಪ ಕೇಳಿದ.

"ಬರಿಯೋದು ನಾನು. ಗುಣಿಸಿ, ತಾಳೆ ನೋಡಿ ರೈಟು ಹಾಕೋದು ಅಕ್ಕ. ಪುಸ್ತಕ ಇಡೋ ಟ್ರಂಕಿನ ಕೀಲಿನೂ ಅಕಿ ಹತ್ರನ," ಎಂದಳು ಶಿವಲೀಲಾ.

ಪಾಲಾಕ್ಷಪ್ಪ ಪುಟ ತೆರೆದ. ಭಾಗಲಬ್ಧ ೫೯೮೮೦೨೪. ಶೇಷ ೦. ಪಕ್ಕದಲ್ಲಿ ಮಾಸಿದ ರೈಟು. ತುಸು ಹೊತ್ತು ಕಣ್ಣುಜ್ಜಿಕೊಂಡು, ಎಲ್ಲರನ್ನೂ ಹತ್ತಿರ ಕರೆದ.

"ಭಾಗಲಬ್ಧದ ಕೊನಿಗೆ ನಾಕು ಐತಿ. ಸರಿಸಂಖ್ಯೆ. ಅದನ್ನ ಯಾವುದರಿಂದ ಗುಣಿಸಿದ್ರೂ ಸರಿಸಂಖ್ಯೆನ ಬರೋದು. ನೂರು ಕೋಟಿ ಒಂಬತ್ತು ಬೆಸ. ಅಂದಮ್ಯಾಲೆ ಇಲ್ಲಿ ಸೊನ್ನಿ ಬರಾಕ ಸಾಧ್ಯ ಇಲ್ಲ. ಗುಣಿಸಿ ನೋಡ್ರಿ, ಒಂದು ಉಳಿತೈತಿ. ೧ರ ಬಾಯಿ ಯಾರೋ ಮುಚ್ಚಿ ಸೊನ್ನಿ ಮಾಡ್ಯಾರ."

"ಮಂಜಣ್ಣ ಏನ್ರಿ?" ಓಬಣ್ಣ ಕೇಳಿಬಿಟ್ಟ.

"ನನ್ನ ಹತ್ರ ಪೆನ್ನೂ ಇರ್ಲಿಲ್ರಿ! ನಾಗರತ್ನಮ್ಮ ಎದುರಿಗೇ ಇದ್ರು."

"ಅವನಲ್ಲ," ಎಂದ ಪಾಲಾಕ್ಷಪ್ಪ. "ಪುಸ್ತಕ ಅವನ ಕೈಗೆ ಬಂದದ್ದೇ ಇವತ್ತು. ನಾಗರತ್ನಮ್ಮ, ನಾಕು ವರ್ಷದ ಹಿಂದ ಇದನ್ನ ಗುಣಿಸಿ ರೈಟು ಹಾಕಿದಾಕಿ ನೀನು. ಆಗ ಸೊನ್ನಿ ಇದ್ದಿದ್ರ ಆವತ್ತೇ ಕೂಗ್ತಿದ್ದಿ. ಇವತ್ತು ಮಂಜಣ್ಣ ಸೊನ್ನಿ ಅಂತ ಓದಿದಾಗ ಯಾಕ ಸುಮ್ನಿದ್ದಿ?"

ನಾಗರತ್ನ ಗೋಡೆ ಬಿಟ್ಟು ಬಂದು ತಂಗಿಯ ಪಕ್ಕದಲ್ಲಿ ಕೂತಳು.

"ಹೌದ್ರಿ, ನಾನೇ. ಮನಿ ಕೆಲಸ ಮುಗಿಸಿ ದಿನಾ ಸಂಜಿ ಗುಣಿಸಿದೆ. ಹನ್ನೊಂದ ಉಳದಾವ ಅಂತ ತಡಕೊಂಡಿದ್ದೆ. ಮೊನ್ನೆ ಇಕಿ, ಇದು ಮುಗೀಲಿ ಅಕ್ಕ, ಸಾವಿರ ಕೋಟಿ ಹತ್ರದ್ದು ಹಿಡಿಯೋಣು ಅಂದ್ಲು. ನನ್ನ ಕೈಲೆ ಆಗಾಂಗಿಲ್ಲ ಅನ್ನಾಕ ಬಾಯಿ ಬರ್ಲಿಲ್ಲ. ಲೆಕ್ಕ ಸೋತೈತಿ ಅಂದ್ರ ಬಿಟ್ಟುಬಿಡ್ತಾಳ ಅಂತ ಸೊನ್ನಿ ಮಾಡಿದೆ."

ಶಿವಲೀಲಾ ತಡವರಿಸುತ್ತಾ ಅಕ್ಕನ ಕೈ ಹುಡುಕಿದಳು. "ನನಗ ತಿಳಿಲೇ ಇಲ್ಲಲ್ಲಕ್ಕ. ಪಟ್ಟಿ ಬಿಚ್ಚಿದಮ್ಯಾಲೆ ಆ ಹನ್ನೊಂದು ನಾನ ಮಾಡ್ತೀನಿ, ತಾಳೆನೂ ನಾನ ನೋಡ್ತೀನಿ. ನೀ ಮಲಕ್ಕೊ."

ಪಾಲಾಕ್ಷಪ್ಪ, ಓಬಣ್ಣ ಹೊರಟು ಚಪ್ಪಲಿ ಮೆಟ್ಟುವಷ್ಟರಲ್ಲಿ ನಾಗರತ್ನ ಕೂತಲ್ಲೇ ನಿದ್ದೆ ಹೋಗಿದ್ದಳು. ಶಿವಲೀಲಾ ಕೈಯಿಂದ ತಡವಿ ತಡವಿ, ಅಕ್ಕನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.