ತೊಳೆದಿಟ್ಟ ಜಪಾನ್ ರೇಡಿಯೋ

"ಯಾರು ಇದನ್ನ ತೊಳ್ದಿದ್ದು?"

ರಾಮಚಂದ್ರಪ್ಪನ ಕೂಗಿಗೆ ಹೂವಮ್ಮನ ಎದೆ ಧಸಕ್ಕೆಂದಿತು. ಮದುವೆಯಾಗಿ ಬಂದಾಗಿನಿಂದ ಗಂಡ ಒಮ್ಮೆಯೂ ದನಿ ಎತ್ತಿದವನಲ್ಲ. ಸಾಗರದ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಅವನ ಕೈಯಲ್ಲಿ ಜಪಾನಿನ ಪುಟ್ಟ ಟ್ರಾನ್ಸಿಸ್ಟರ್ ಸೆಟ್ಟು ತೊಟತೊಟನೆ ನೀರು ಸುರಿಸುತ್ತಿತ್ತು. ಅಂಗಡಿಯ ಯಜಮಾನರು ನಾರಾಯಣಮೂರ್ತಿಗಳು ನಂಬಿ ಕೊಟ್ಟಿದ್ದ ಸೆಟ್ಟು! ನಾಡಿದ್ದು ಶಿವಮೊಗ್ಗದಲ್ಲಿ ಕಂಪನಿಯವರೆದುರು ಅದನ್ನು ಬಿಚ್ಚಿ, ಜೋಡಿಸಿ, ಹಾಡಿಸಿ ತೋರಿಸಿದರೆ ಜಪಾನಿನ ಕಾರ್ಖಾನೆಗೇ ತರಬೇತಿಗೆ ಕಳಿಸುವವರಿದ್ದರು. ಸೆಟ್ಟಿನೊಳಗೆ ಕೂರುವ ಕಡಲೆಕಾಳಿನಷ್ಟು ಟ್ರಾನ್ಸಿಸ್ಟರನ್ನು ಅಲ್ಲಿ ಹೆಣ್ಣುಮಕ್ಕಳೇ ಕೂತು ತಯಾರಿಸುತ್ತಾರಂತೆ ಎಂದು ಊಟಕ್ಕೆ ಕೂತಾಗಲೆಲ್ಲ ಅವನದು ಅದೇ ಮಾತು.

ಅಂದು ಆಯುಧಪೂಜೆ. ಕತ್ತಿ, ಗುದ್ದಲಿ, ಕೊಡಲಿಗಳೆಲ್ಲ ಬಾವಿಕಟ್ಟೆಯಲ್ಲಿ ಮಿಂದು ಪೂಜೆಗೆ ಕೂರಬೇಕು. ಅತ್ತೆ ಮಾಸ್ತಮ್ಮ, ಮಗನಿಗೆ ಅನ್ನ ಕೊಡುವ ವಸ್ತುವೆಂದು, ರೇಡಿಯೋಗೂ ಹುಣಸೆಹುಳಿ ಹಚ್ಚಿ ತಿಕ್ಕಿ ಚೊಂಬುಗಟ್ಟಲೆ ನೀರು ಹೊಯ್ದಿದ್ದಳು. ಹೂವಮ್ಮ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು!

ಮಾಸ್ತಮ್ಮನ ಬಾಯಿ ಅಂದರೆ ಕೇಳಬೇಕೇ? ಸೊಸೆ ಕೂತರೆ ತಪ್ಪು, ನಿಂತರೆ ತಪ್ಪು. "ತವರಿಗೆ ಹೋಗೇ" ಎನ್ನದೆ ಒಂದು ದಿನ ಹೊತ್ತು ಮುಳುಗಿದ್ದಿಲ್ಲ. ಆದರೆ ಈಗ ಆ ಮುದುಕಿ ಒದ್ದೆ ಸೆರಗು ಮುದುಡಿಕೊಂಡು ಕಂಬದ ಮರೆಗೆ ಸರಿದಿದ್ದಳು. ಮಗನೇ ಜೀವವೆಂದು ಬದುಕಿದವಳು... ಅವನಿಂದ ಬೈಸಿಕೊಂಡರೆ ಈಕೆ ಉಳಿಯುತ್ತಾಳೆಯೇ? ಹೂವಮ್ಮ ಗಂಡನೆದುರು ಬಂದು ನಿಂತಳು.

"ನಾನೇ ತೊಳ್ದೆ... ಗೊತ್ತಾಗ್ಲಿಲ್ಲ."

"ಗೊತ್ತಾಗ್ಲಿಲ್ವಾ? ನಿನ್ನ ಕಟ್ಕೊಂಡು ನಾನು ಉದ್ಧಾರ ಆದ ಹಾಗೇ! ನಡಿ, ಇವತ್ತೇ ತವರಿಗೆ ನಡಿ!"

ಅಯ್ಯೋ, ಯಾರ ಬಾಯಿಂದ ಎಂಥ ಮಾತು! ಹೂವಮ್ಮ ಒಳಗೆ ಹೋಗಿ ನಾಲ್ಕು ಸೀರೆಗಳನ್ನು ಪೆಟ್ಟಿಗೆಗೆ ತುಂಬಿದಳು. ಕಣ್ಣು ಮಂಜಾಗಿ ಬಾಗಿಲೇ ಕಾಣುತ್ತಿರಲಿಲ್ಲ. ಹೊಸ್ತಿಲು ದಾಟಬೇಕು ಅನ್ನುವಾಗ ಯಾರೋ ಪೆಟ್ಟಿಗೆಯನ್ನು ಹಿಂದಕ್ಕೆ ಜಗ್ಗಿದರು.

"ಇಡೇ ಕೆಳಗೆ!" ಮಾಸ್ತಮ್ಮ ಬಿಕ್ಕುತ್ತಿದ್ದಳು. "ಮಗಾ, ತೊಳ್ದೋಳು ನಾನು ಕಣೋ! ಇವ್ಳು ಬ್ಯಾಡ ಬ್ಯಾಡ ಅಂತ ಓಡಿ ಬಂದ್ಲು. ಕಳ್ಸೋದಾದ್ರೆ ನನ್ನ ಕಳ್ಸು..."

ರಾಮಚಂದ್ರಪ್ಪ ಕುಸಿದು ಕೂತ. ಸೆಟ್ಟಿನ ಬೆನ್ನು ಬಿಚ್ಚಿದ. ದನಿ ಹೊರಡಿಸುವ ಸ್ಪೀಕರಿನ ಕಾಗದ ನೆನೆದು ಹರಿದೇ ಹೋಗಿತ್ತು. ಅಂಥದ್ದು ನಾಡಿದ್ದಿನೊಳಗೆ ಸಾಗರದಲ್ಲೆಲ್ಲಿ ಸಿಕ್ಕೀತು?

"ಜಪಾನ್ ಹೋದ್ರೆ ಹೋಗ್ಲಿ," ಎಂದ ಕೊನೆಗೆ, ಹೆಂಡತಿಯ ಮುಖ ನೋಡಲಾರದೆ. "ನಾನು ಆಡಬಾರದ್ದು ಆಡ್ಬಿಟ್ಟೆ, ಹೂವಾ."

ಹೂವಮ್ಮ ಅವನ ಕೈಯಿಂದ ಸೆಟ್ಟನ್ನು ತೆಗೆದುಕೊಂಡು ಸೆರಗಿನಿಂದ ಮೆಲ್ಲಗೆ ಒರೆಸಿದಳು.

ಮಧ್ಯಾಹ್ನ ಹಬ್ಬದೂಟಕ್ಕೆ ಎಲೆ ಹಾಕಿದಾಗ ಮಾಸ್ತಮ್ಮ ಸೊಸೆಯನ್ನು ಎಳೆದು ಕೂರಿಸಿ ತಾನೇ ಬಡಿಸಿದಳು. ಪಾಯಸ ಹಾಕುವ ಕೈ ನಡುವೆಯೇ ನಿಂತಿತು.

"ಅವ ಬಯ್ಯೋವಾಗ ನಾನು ಸುಮ್ನೆ ನಿಂತಿದ್ನಲ್ಲೇ... ನೀ ಪೆಟ್ಟಿಗೆ ತುಂಬೋ ತನಕ ನಿಂತೇ ಇದ್ದೆ."

ಹೂವಮ್ಮ ಎಲೆ ನೋಡುತ್ತಲೇ ಹೇಳಿದಳು: "ಹೊಸ್ತಿಲು ದಾಟೋಕೆ ಬಿಡ್ಲಿಲ್ವಲ್ಲ, ಅತ್ತೆ."