ಕೋವಿಯೊಳಗಿನ ಉಸಿರು

ಮುಂಗಾರಿನ ಮೊದಲ ಮೋಡ ಕಣಿವೆದುರ್ಗದ ಪಡುವಣ ಬತೇರಿಯ ಮೇಲೆ ಕವಿದ ದಿನ ರಾಜಧಾನಿಯ ಪೇಟೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವಂತಿರಲಿಲ್ಲ. ಜವಳಿಯ ಶೆಟ್ಟರು ಅಂಗಡಿ ಬಿಟ್ಟು ಬೀದಿಗಿಳಿದಿದ್ದರು. ಹೂವಾಡಗಿತ್ತಿಯರು ಒಂದು ಕಿವಿಗೆ ಕೈ ಅಡ್ಡವಿಟ್ಟುಕೊಂಡೇ ಮಾಲೆ ಅಳೆಯುತ್ತಿದ್ದರು. ದೇವಗೆರೆಯ ಏರಿಯ ಮೇಲೆ ಅರಮನೆಯ ಬೇಟೆಕೋವಿಗಳೆಲ್ಲ ಆಕಾಶಕ್ಕೆ ಮುಖಮಾಡಿ ಒಂದರ ಹಿಂದೊಂದು ಸಿಡಿಯುತ್ತಿದ್ದವು. ಜಿಂಕೆಗಳು ಮರಿಹಾಕುವ ಕಾಲ ಬಂತು, ಇನ್ನು ವಿಜಯದಶಮಿಯವರೆಗೆ ಕಾಡಿನಲ್ಲಿ ಕೋವಿಯ ಸದ್ದು ಕೇಳಕೂಡದು ಎಂದು ಸಾರುವ ಬಗೆ ಆ ಸಂಸ್ಥಾನದಲ್ಲಿ ಹೀಗಿತ್ತು. ಮದ್ದು ಉಳಿದ ಕೋವಿಯನ್ನು ಸೂರಿನಡಿಗೆ ತರುವುದು ಅಲ್ಲಿ ಮಹಾ ಅಶುಭವೆನಿಸಿತ್ತು.

ಈ ಕಾರ್ಯದ ಯಜಮಾನ ಕೋವಿಮನೆಯ ಪಾಲಯ್ಯ. ಹಿಂದಿನ ಪ್ರಭುಗಳ ಕಾಲದಿಂದಲೂ ಅರಮನೆಯ ಕೋವಿಗಳನ್ನು ಕಾಯುತ್ತ ಬಂದ ಆ ಮುದುಕನಿಗೆ ಹೆಂಡತಿ ಮಕ್ಕಳಿರಲಿಲ್ಲ. ಇದ್ದ ಮಮತೆಯನ್ನೆಲ್ಲ ಅವನು ಯುವ ದೊರೆ ಬೊಮ್ಮಣ್ಣನಾಯಕನ ಮೇಲೂ ಆ ಕಬ್ಬಿಣದ ನಳಿಗೆಗಳ ಮೇಲೂ ಸುರಿದಿದ್ದ. ಯಾವುದರ ಮೇಲೆ ಹೆಚ್ಚು ಎಂದು ಯಾರಾದರೂ ಕೆಣಕಿದರೆ ನಕ್ಕುಬಿಡುತ್ತಿದ್ದ. ಸಿಡಿಸಿದ ಕೋವಿಯನ್ನು ಬಿಸಿನೀರಿನಲ್ಲಿ ತೊಳೆದು, ಬಟ್ಟೆ ಸುತ್ತಿದ ಸಲಾಕೆಯಿಂದ ಒಳಗೆಲ್ಲ ಒರೆಸಿ, ಬಿಸಿಲಿಗೆ ಒಣಗಿಸಿ, ಹರಳೆಣ್ಣೆ ಸವರಿ, ಬಾಯಿ ಕೆಳಗಾಗಿ ತೂಗುಹಾಕುವವರೆಗೆ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಮದ್ದಂತೂ ಅದೇ ಸೂರಿನಡಿ ಇರುವಂತೆಯೇ ಇಲ್ಲ: ಅದು ಮೇಣ ಬಳಿದ ಗಡಿಗೆಗಳಲ್ಲಿ, ಊರಾಚೆಯ ಬಂಡೆಯ ಮೇಲಿನ ಮದ್ದಿನಮನೆಯಲ್ಲಿ, ದೀಪದ ಮುಖ ಕಾಣದೆ ಮಳೆಗಾಲ ಕಳೆಯಬೇಕು.

ಪ್ರಭುವಿನ ಕೋವಿಗೆ ಇನ್ನೊಂದು ಶಾಸ್ತ್ರವಿತ್ತು. ಪಾಲಯ್ಯ ನಳಿಗೆಯ ಬಾಯಿಗೆ ಬಾಯಿಟ್ಟು ಊದುವನು. ಮದ್ದಿಗೆ ಕಿಡಿ ತಾಗಿಸುವ ಸಣ್ಣ ರಂಧ್ರದ ಬಳಿ ಪ್ರಭು ಅಂಗೈ ಒಡ್ಡುವನು. ಉಸಿರು ಅಂಗೈಗೆ ತಾಗಿದರೆ ಒಳಗೆ ಏನೂ ಉಳಿದಿಲ್ಲವೆಂದು ಅರ್ಥ. ಕೋವಿಯನ್ನು ಕಟ್ಟಿಡುವಾಗ ಒಮ್ಮೆ ಹೀಗೆ ಮಾಡಬೇಕು. ಮಳೆಗಾಲ ಕಳೆದು ಮತ್ತೆ ಮದ್ದು ತುಂಬುವ ಮುನ್ನ ಇನ್ನೊಮ್ಮೆ.

ಆ ದಿನವೂ ಬೊಮ್ಮಣ್ಣನಾಯಕ ಅಂಗೈ ಒಡ್ಡಿದ.

"ಬರಿದಾಗಿದೆ, ಪ್ರಭು," ಎಂದ ಪಾಲಯ್ಯ.

"ನಾನು ಮಗುವಾಗಿದ್ದಾಗ ಕಚಗುಳಿಯಾಗಿ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದೆನಲ್ಲ, ನೆನಪಿದೆಯೇ?"

"ನೆನಪಿಲ್ಲದೆ ಏನು. ತಾವು ಕೈ ಕದಲಿಸದೆ ಒಡ್ಡುವವರೆಗೂ ನನ್ನಿಂದ ಊದಿಸುತ್ತಿದ್ದಿರಿ. ನನ್ನ ಕೆನ್ನೆ ನೋಯುತ್ತಿತ್ತು."

ದೊರೆ ಮನಸಾರೆ ನಕ್ಕ. ಪಕ್ಕದಲ್ಲಿ ನಿಂತಿದ್ದ ದಳವಾಯಿ ಗಿರಿಯಣ್ಣನೂ ನಕ್ಕ. ಆತ ದೊರೆಯ ಚಿಕ್ಕಪ್ಪ. ಬೊಮ್ಮಣ್ಣನಾಯಕನಿಗೆ ಇನ್ನೂ ಸಂತಾನವಾಗಿರಲಿಲ್ಲ. ಅವನಿಗೇನಾದರೂ ಆದರೆ ಪಟ್ಟ ಬರುವುದು ಗಿರಿಯಣ್ಣನ ಮಗನಿಗೆ. ಈ ಲೆಕ್ಕಾಚಾರ ದಳವಾಯಿಯ ತಲೆಹೊಕ್ಕು ಬಹಳ ಕಾಲವಾಗಿತ್ತು. ದಾರಿ ಮಾತ್ರ ಕಂಡಿರಲಿಲ್ಲ. ಆ ದಿನ, ಒಬ್ಬ ಮುದುಕನ ಉಸಿರು ಕೋವಿಯೊಳಗೆ ಹಾದುಹೋದುದನ್ನು ನೋಡುತ್ತ ನಿಂತಾಗ, ಅವನಿಗೆ ದಾರಿ ಕಂಡಿತು.

ನವರಾತ್ರಿ ಸಮೀಪಿಸುತ್ತಲೇ ಗಿರಿಯಣ್ಣ ತುಂಬಿದ ಸಭೆಯಲ್ಲಿ ಎದ್ದು ನಿಂತು ವಿಜ್ಞಾಪಿಸಿಕೊಂಡ: ಈ ವರ್ಷ ಪ್ರಭುವಿನ ಕೋವಿ ಕೋಟೆಯ ದೇವಿಯ ಪಾದದಲ್ಲಿದ್ದು ಪೂಜೆಗೊಳ್ಳಲಿ; ಬಾಯಿಗೆ ಅರಗಿನ ಮುದ್ರೆ ಒತ್ತಿ ಕುಂಕುಮವೇರಿಸಿ ವಿಜಯದಶಮಿಯ ಬೇಟೆಯಲ್ಲೇ ಅದನ್ನು ಬಿಚ್ಚಲಿ; ವಂಶಕ್ಕೆ ಸಂತಾನಭಾಗ್ಯವಾಗುವುದು. ಸಂತಾನದ ಮಾತು ಬಂದೊಡನೆ ಸಭೆಯೆಲ್ಲ ತಲೆದೂಗಿತು.

ಪಾಲಯ್ಯ ಮಾತ್ರ ಕೈಮುಗಿದು ಮುಂದೆ ಬಂದ. "ಪೂಜೆಗೆ ನನ್ನ ಅಡ್ಡಿಯಿಲ್ಲ, ಬುದ್ಧೀ. ಆದರೆ ಕೋವಿಮನೆ ಬಿಟ್ಟು ಹೋದ ಕೋವಿ ತಿರುಗಿ ಪ್ರಭುವಿನ ಕೈ ಸೇರುವ ಮೊದಲು ನಾನೊಮ್ಮೆ ಊದಬೇಕು."

"ಕೇಳಿದಿರಾ?" ಎಂದ ಗಿರಿಯಣ್ಣ, ಸ್ವರವೇರಿಸದೆ. "ದೇವಿಯ ಕುಂಕುಮ ಧರಿಸಿದ ಆಯುಧಕ್ಕೆ ಈತ ಎಂಜಲು ಬಾಯಿ ಇಡುವನಂತೆ."

ನಿನ್ನೆಯವರೆಗೆ ಯಾರಿಗೂ ಎಂಜಲೆಂದು ತೋರದಿದ್ದ ಆ ಉಸಿರು ಈಗ ಎಲ್ಲರಿಗೂ ಹೇಸಿಗೆಯಾಗಿ ಕಂಡಿತು. ಅರಮನೆಗಳಲ್ಲಿ ಸತ್ಯ ಬದಲಾಗಲು ಅಷ್ಟು ಹೊತ್ತು ಸಾಕು.

ಬೊಮ್ಮಣ್ಣನಾಯಕ ತಲೆ ತಗ್ಗಿಸಿಯೇ ಹೇಳಿದ: "ಪಾಲಯ್ಯ, ಇದೊಂದು ವರ್ಷ ಬಿಟ್ಟುಬಿಡು. ನನಗೋಸ್ಕರ."

"ತಮಗೋಸ್ಕರವೇ ಬಿಡಲಾರೆ, ಪ್ರಭು."

"ಹಾಗಾದರೆ ಕೋವಿಮನೆಯ ಬೀಗದಕೈ ಇಲ್ಲಿಡು. ಇನ್ನು ನನ್ನ ಕಣ್ಣೆದುರು ಬರಬೇಡ."

ಮುದುಕ ಸೊಂಟದಿಂದ ಬೀಗದಕೈ ಬಿಚ್ಚಿ, ಅದಕ್ಕೆ ಅಂಟಿದ್ದ ಹರಳೆಣ್ಣೆಯನ್ನು ಹೆಗಲ ವಸ್ತ್ರದಿಂದ ಒರೆಸಿ, ಮೆಟ್ಟಿಲ ಮೇಲಿಟ್ಟು ಹೊರಟುಹೋದ. ದೊರೆ ಅವನನ್ನು ಕರೆಯಲಿಲ್ಲ. ಕರೆದಿದ್ದರೆ ಈ ಕತೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಪೂಜೆಗೆಂದು ಒಯ್ದ ಕೋವಿಯಲ್ಲಿ ಗಿರಿಯಣ್ಣ ತನ್ನ ಕೈಯಾರೆ ಎರಡು ಪಾಲು ಮದ್ದು ಸುರಿದ. ಮೇಲೆ ಗುಂಡು ಜಡಿದ. ಅದರ ಮೇಲೆ ಹಸಿಮಣ್ಣು ತುರುಕಿ ಗಟ್ಟಿಮಾಡಿದ. ಆಮೇಲೆಯೇ ಅರಗು, ಆಮೇಲೆಯೇ ಕುಂಕುಮ. ಬೇಟೆಯ ದಿನ ಇದರ ಮೇಲೆ ಇನ್ನೊಮ್ಮೆ ತುಂಬಿ ಹಾರಿಸಿದರೆ ನಳಿಗೆ ಒಡೆದು ದೊರೆಯ ಮುಖಕ್ಕೇ ಸಿಡಿಯುವುದು. ಹಳೆಯ ಕಬ್ಬಿಣ, ವಿಧಿ, ಎಂದು ಜನ ಅತ್ತು ಮರೆಯುವರು. ದೇವಿ ಎಲ್ಲವನ್ನೂ ನೋಡುತ್ತಿದ್ದಳು ಎನ್ನುತ್ತಾರೆ. ನೋಡುತ್ತಿದ್ದರೂ ಅಂದು ಏನೂ ಹೇಳಲಿಲ್ಲ.

ವಿಜಯದಶಮಿಯ ಬೆಳಗ್ಗೆ ಕರೇಕಲ್ಲಿನ ಕಾಡಂಚಿನಲ್ಲಿ ಬೇಟೆಯ ಪರಿವಾರ ನೆರೆಯಿತು. ಜಿಂಕೆ ಎಬ್ಬಿಸುವ ತಮಟೆಯವರ ಗುಂಪಿನಲ್ಲಿ, ತಲೆಗೆ ಕಂಬಳಿ ಎಳೆದುಕೊಂಡು, ಪಾಲಯ್ಯನೂ ನಿಂತಿದ್ದ. ಅವನಿಗೆ ಗಿರಿಯಣ್ಣನ ಸಂಚಿನ ಸುಳಿವಿರಲಿಲ್ಲ. ಮೊದಲ ಗುಂಡು ಕ್ಷೇಮವಾಗಿ ಹಾರಿದ್ದನ್ನು ಕಂಡು ಹಿಂದಿರುಗೋಣವೆಂದು ಬಂದಿದ್ದ, ಅಷ್ಟೇ.

ಗಿರಿಯಣ್ಣ ಭಕ್ತಿಯಿಂದ ಮುದ್ರೆ ಒಡೆದು, ಮದ್ದಿನ ಕೊಂಬನ್ನು ಕೈಗೆತ್ತಿಕೊಂಡ. ಆಗ ಬೊಮ್ಮಣ್ಣನಾಯಕ, ಹಳೆಯ ಅಭ್ಯಾಸದಿಂದ, ಕೋವಿಯ ರಂಧ್ರಕ್ಕೆ ಅಂಗೈ ಒಡ್ಡಿದ. ಊದುವವರಿಲ್ಲವೆಂದು ನೆನಪಾಗಿ, ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡ.

ಆ ಕೈ ಹಿಂದೆ ಸರಿದುದನ್ನು ಪಾಲಯ್ಯ ದೂರದಿಂದ ಕಂಡ. ಅದನ್ನು ಅವನಿಂದ ಸಹಿಸಲಾಗಲಿಲ್ಲ. ತಮಟೆ ಬಿಸುಟು, ಕಾವಲಿನವರ ತೋಳಿನಡಿ ನುಸುಳಿ ಓಡಿಬಂದು, ಎಲ್ಲರ ಕಣ್ಣೆದುರಿಗೆ ಕುಂಕುಮದ ಮೇಲೆಯೇ ಬಾಯಿಟ್ಟು ಊದಿದ. ಅವನು ತಲೆಯೆತ್ತುವ ಮೊದಲೇ ಗಿರಿಯಣ್ಣನ ಖಡ್ಗ ಅವನ ಬೆನ್ನಿಗಿಳಿಯಿತು.

"ದೇವಿಗೆ ಅಪಚಾರವೆಸಗಿದ ದ್ರೋಹಿ," ಎಂದ ದಳವಾಯಿ, ಏದುಸಿರು ಬಿಡುತ್ತ.

ಪಾಲಯ್ಯ ದೊರೆಯ ತೋಳಿಗೆ ಒರಗಿದ. "ಉಸಿರು ಆಚೆಗೆ ಹೋಗಲಿಲ್ಲ, ಪ್ರಭು," ಎಂದ. "ಒಳಗೆ ಏನೋ ಇದೆ. ತಾವು ಮುಟ್ಟಬೇಡಿ." ಅಷ್ಟು ಹೇಳುವಷ್ಟೇ ಪ್ರಾಣ ಅವನಲ್ಲಿ ಉಳಿದಿತ್ತು.

ಬೊಮ್ಮಣ್ಣನಾಯಕ ಅವನನ್ನು ಹುಲ್ಲಿನ ಮೇಲೆ ಮಲಗಿಸಿ, ಕೋವಿಯನ್ನು ಎತ್ತಿಕೊಂಡ.

"ಪ್ರಭು, ಎಂಜಲಾದ ಆಯುಧವದು. ಹೊಳೆಗೆ ಬಿಡಬೇಕು," ಎಂದು ಗಿರಿಯಣ್ಣ ಖಡ್ಗವನ್ನು ಒರೆಗೆ ಸೇರಿಸಿ ಕೈ ಚಾಚಿದ.

"ಬಿಡೋಣ. ಮೊದಲು ಆ ರಂಧ್ರಕ್ಕೆ ತಮ್ಮ ಅಂಗೈ ಒಡ್ಡಿ, ಚಿಕ್ಕಪ್ಪನವರೇ."

ದಳವಾಯಿ ಒಡ್ಡಲೇಬೇಕಾಯಿತು. ಮುದುಕನ ರಕ್ತವೂ ದೇವಿಯ ಕುಂಕುಮವೂ ಕಲಸಿದ್ದ ಆ ನಳಿಗೆಯ ಬಾಯಿಗೆ ದೊರೆ ತನ್ನ ಬಾಯಿಟ್ಟು, ಕೆನ್ನೆ ಉಬ್ಬಿ ಕಣ್ಣಲ್ಲಿ ನೀರು ಬರುವವರೆಗೆ ಊದಿದ. ಉಸಿರು ಗೋಡೆಗೆ ಬಡಿದಂತೆ ಹಿಂದಿರುಗಿ ಅವನ ಬಾಯಿಗೇ ಬಂತು.

"ತಾಗಿತೇ?"

"ತಾಗಿತು, ಪ್ರಭು," ಎಂದ ಗಿರಿಯಣ್ಣ.

ಬೊಮ್ಮಣ್ಣನಾಯಕ ಅವನನ್ನು ದಿಟ್ಟಿಸಿ ನೋಡಿದ. ಆ ನೋಟದಲ್ಲಿ ಕೋಪಕ್ಕಿಂತ ದುಃಖವೇ ಹೆಚ್ಚಾಗಿತ್ತು. ಬಾಲ್ಯದಲ್ಲಿ ಹೆಗಲಮೇಲೆ ಹೊತ್ತು ಆಡಿಸಿದ ಚಿಕ್ಕಪ್ಪನಲ್ಲವೇ. "ತಾಗಿದ್ದರೆ ಒಳಗೆ ಏನೂ ಇಲ್ಲ. ತಾವೇ ಮದ್ದು ತುಂಬಿ, ತಾವೇ ಹಾರಿಸಿ."

ಗಿರಿಯಣ್ಣನ ಕೈಯಿಂದ ಮದ್ದಿನ ಕೊಂಬು ಜಾರಿ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಪರಿವಾರಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ದೊರೆ ಸನ್ನೆಮಾಡುವ ಮೊದಲೇ ಕಾವಲಿನವರು ಅವನ ಖಡ್ಗ ಕಿತ್ತುಕೊಂಡು ಕೈಕಟ್ಟಿದರು.

ಆ ದಿನ ಬೇಟೆ ನಡೆಯಲಿಲ್ಲ. ತಮಟೆಯವರು ಕಟ್ಟಿಗೆ ತಂದು ನೀರು ಕಾಯಿಸಿದರು. ಬೊಮ್ಮಣ್ಣನಾಯಕ ಯಾರಿಗೂ ಮುಟ್ಟಗೊಡದೆ, ತಿರುಪಿನ ಸಲಾಕೆಯಿಂದ ಮಣ್ಣನ್ನೂ ಗುಂಡನ್ನೂ ಕೆದಕಿ ತೆಗೆದು, ಕಪ್ಪು ಮದ್ದನ್ನೆಲ್ಲ ಮುತ್ತುಗದ ಎಲೆಯ ಮೇಲೆ ಸುರಿದ. ಕೋವಿಯನ್ನು ತೊಳೆದ, ಒರೆಸಿದ, ಬಿಸಿಲಿಗಿಟ್ಟ, ಪಾಲಯ್ಯನ ಸೊಂಟದ ಕುಪ್ಪಿಯಲ್ಲಿದ್ದ ಹರಳೆಣ್ಣೆಯನ್ನೇ ಸವರಿದ. ಬಾಲ್ಯದಿಂದ ನೋಡಿ ನೋಡಿ ಕಲಿತದ್ದರಲ್ಲಿ ಯಾವುದನ್ನೂ ಅವನು ಮರೆತಿರಲಿಲ್ಲ.

ಕೊನೆಗೆ ಕೋವಿಯನ್ನು ಮುದುಕನ ಪಕ್ಕದಲ್ಲಿ ಮಲಗಿಸಿ, ಅವನ ಅಂಗೈಯನ್ನು ಬಿಡಿಸಿ ಆ ರಂಧ್ರಕ್ಕೆ ಆನಿಸಿಟ್ಟು, ಮಂಡಿಯೂರಿ ಇತ್ತ ಕಡೆಯಿಂದ ಮೆಲ್ಲನೆ ಊದಿದ. ಉಸಿರು ತಡೆಯಿಲ್ಲದೆ ಹಾದುಹೋಯಿತು.

"ಬರಿದಾಗಿದೆ, ಪಾಲಯ್ಯ," ಎಂದ ದೊರೆ.

ಆ ಅಂಗೈ ಹಿಂದೆ ಸರಿಯಲಿಲ್ಲ.