ಇಪ್ಪತ್ತು ಮಿಲಿಮೀಟರ್ ಕಮ್ಮಿ

“ಅಳತಿ ಗ್ವಾಡ್ಯಾಗ ಐತ್ರಿ, ನನ್ನ ಮುಖದಾಗಲ್ಲ.”

ಮೌನೇಶ್ ತಡವರಿಸಿ ಟೇಪಿನ ಕಡೆ ತಿರುಗಿದ. ಸುಜಾತಾ ಚಹಾದ ಲೋಟ ಹಿಡಿದು ಬಾಗಿಲಿಗೆ ಒರಗಿದ್ದಳು. ನಗುವನ್ನು ತುಟಿಗೆ ಬಿಡದೆ ಕಣ್ಣಲ್ಲೇ ತಡೆದುಕೊಂಡಿದ್ದಳು.

“ಜೋಡಿ ಗಾಜು ನೋಡ್ರಿ. ತಯಾರಾದ ಮ್ಯಾಲೆ ಕೊಯ್ಯಾಕ ಬರಂಗಿಲ್ಲ. ಅದಕ್ಕ ನಿಧಾನ.”

“ನಿಧಾನ ಆಗ್ಲಿ ಬಿಡ್ರಿ. ನಾನೇನು ಓಡಸ್ತೀನೇನು?”

ಅದು ೨೦೦೭ರ ಫೆಬ್ರವರಿ. ಕೊಟ್ಟೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಅವಳ ಅಪ್ಪ ಏಕಾಂತಪ್ಪ, ಮೂವತ್ತು ವರ್ಷ ಫಿಸಿಕ್ಸ್ ಕಲಿಸಿದವರು. ಎರಡು ಗಾಜುಗಳ ನಡುವೆ ಅಲುಗದೆ ನಿಂತ ಗಾಳಿ ಬಿಸಿಲ ಕಾವನ್ನು ಸುಲಭಕ್ಕೆ ದಾಟಗೊಡುವುದಿಲ್ಲವೆಂದು, ಅಂಥ ಜೋಡಿ ಗಾಜಿನ ಅಲ್ಯೂಮಿನಿಯಂ ಕಿಟಕಿಗಳೇ ಬೇಕೆಂದಿದ್ದರು. ಹರಪನಹಳ್ಳಿಯ ಬಡಗಿಯ ಮಗ ಮೌನೇಶ್ ಚೌಕಟ್ಟುಗಳನ್ನು ಕೂರಿಸಿದ. ಗಾಜು ಹೈದರಾಬಾದಿನಿಂದ ಬರಬೇಕಿತ್ತು.

ಏಪ್ರಿಲ್ ಹೊತ್ತಿಗೆ ಅವರಿಬ್ಬರ ನಡುವಿನ ಬಹುವಚನ ಕಳಚಿತ್ತು. “ಅಪ್ಪಗ ಹೇಳೂದು ಯಾವಾಗ?” ಎಂದು ಅವನು ಕೇಳಿದರೆ, “ಮೊದ್ಲು ಕಿಟಕಿ ಮುಗೀಲಿ” ಎನ್ನುತ್ತಿದ್ದಳು.

ಮುಗಿದ ಮೇಲೆ ಆ ಮನೆಯ ಮೆಟ್ಟಿಲು ಹತ್ತಲು ತನಗೇನು ನೆಪ? ಈ ಭಯ ಅವನನ್ನು ಬಿಡಲಿಲ್ಲ. ಹೈದರಾಬಾದಿಗೆ ಅಳತೆಯ ಫ್ಯಾಕ್ಸ್ ಕಳಿಸುವ ಮುನ್ನ ಪಡಸಾಲೆಯ ಕಿಟಕಿಯ ಗಾಜಿನ ಎತ್ತರ ೧೨೦೦ ಮಿಲಿಮೀಟರ್ ಎಂದಿದ್ದುದನ್ನು ೧೧೮೦ ಎಂದು ತಿದ್ದಿದ. ಹೊಂದದ ಗಾಜು ಬಂದರೆ ಇನ್ನೊಂದು ತಿಂಗಳು ಸಿಗುತ್ತದೆ.

ಮೇ ತಿಂಗಳಲ್ಲಿ ಗಾಜು ಬಂತು. ನಾಲ್ಕು ಕಿಟಕಿ ಕೂತವು. ಪಡಸಾಲೆಯದು ಮೇಲ್ಗಡೆ ಚೌಕಟ್ಟಿನ ರಬ್ಬರು ಪಟ್ಟಿಗೆ ಸಿಗಲೇ ಇಲ್ಲ. ಏಕಾಂತಪ್ಪ ತಾವೇ ಸ್ಕೇಲು ಇಟ್ಟು ನೋಡಿ, ಕನ್ನಡಕ ತೆಗೆದರು.

“ನಾನು ಜಾತಿ ನೋಡಾವಲ್ಲ ತಮ್ಮಾ, ಕೆಲಸ ನೋಡಾವ. ನಿನ್ನ ಕೈ ನಂಬಿದ್ದೆ.”

ಅವರು ಒಳಹೋದ ಮೇಲೆ ಸುಜಾತಾ ಹತ್ತಿರ ಬಂದಳು. “ಹೆಂಗ ತಪ್ಪಿದ್ಯೋ?”

ನಕ್ಕಾಳೆಂದು ಮೌನೇಶ್ ನಿಜ ಹೇಳಿದ. “ತಪ್ಪಲಿಲ್ಲ. ನಾನ ಕಮ್ಮಿ ಬರದೆ. ಇನ್ನೊಂದ್ ತಿಂಗ್ಳು ನಿನ್ನ ನೋಡಬೋದಲ್ಲ ಅಂತ.”

ಅವಳು ನಗಲಿಲ್ಲ.

“ನಮ್ಮ ವಿಷಯ ಇವತ್ತ ಅಪ್ಪಗ ಹೇಳಾಕಿದ್ದೆ. ಇಂಥಾ ಕೆಲಸಗಾರ ಎಲ್ಲಿ ಸಿಕ್ಕಾನು ಅಂತ ಅಪ್ಪ ಅಂದ ಕೂಡ್ಲೆ.”

“ಈಗ್ಲೂ ಹೇಳು. ಕಾಲು ಹಿಡದು ಕೇಳಿಕೊಂತೀನಿ.”

“ತಪ್ಪು ಮಾಡ್ದಾವನ್ನ ಅಪ್ಪನ ಕೂಡ ಜಗಳಾಡಿಯರೆ ಉಳಿಸ್ಕಂತಿದ್ದೆ. ಬೇಕಂತ ಕೆಡಿಸ್ದಾವನ ಪರ ಏನಂತ ಹೇಳ್ಲಿ? ನನ್ನ ಒಂದ್ ಮಾತು ಕೇಳಿದ್ರ ಸಾಕಿತ್ತಲ್ಲೋ.”

ಜೂನ್ ಕೊನೆಗೆ ಸರಿಯಾದ ಗಾಜು ಬಂತು. ಮೌನೇಶ್ ಸುತ್ತಲೂ ರಬ್ಬರು ಒತ್ತಿದ. ಏಕಾಂತಪ್ಪ ಅಂಚಿನುದ್ದಕ್ಕೂ ಬೆರಳಾಡಿಸಿ ಮೆಚ್ಚಿ ತಲೆಯಾಡಿಸಿದರು.

“ಹಡಗಲಿ ಬೀಗರೂ ಇಂಥಾವ ಹಾಕಸ್ತಾರಂತ. ನಿನ್ನ ಹೆಸರು ಹೇಳೀನಿ. ಶ್ರಾವಣದಾಗ ಅವರ ಮಗನ ಕೂಡ ಸುಜಾತಾನ ಮದುವಿ. ಅದರೊಳಗ ಮುಗಸ್ತೀಯೇನು?”

ಅಡುಗೆಮನೆಯ ಬಾಗಿಲಲ್ಲಿ ಸುಜಾತಾ ನಿಂತಿದ್ದಳು. ಆ ತಿಂಗಳಲ್ಲಿ ಮೊದಲ ಬಾರಿ ಅವನನ್ನು ನೇರವಾಗಿ ನೋಡಿದಳು. ಆಗಲ್ಲ ಅನ್ನು ಎಂದು ಬೇಡುವಂತಿತ್ತು ಆ ನೋಟ.

“ಮುಗಸ್ತೀನ್ರಿ ಸರ,” ಎಂದ ಮೌನೇಶ್. “ಒಂದ ದಿನಾನೂ ತಡ ಆಗಂಗಿಲ್ಲ.”